ಮಾರುತ್‌ನ ಸೊಂಟ: ಪ್ಲಾಸ್ಟಿಕ್ ಹಾಳೆಯಿಂದ ಎಚ್‌ಎಫ್-24 ಕಟ್ಟಿದ ಹನ್ನೊಂದು ತಿಂಗಳು

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಅಂಗಳದಲ್ಲಿ ಒಂದು ಮಾರುತ್ (ಎಚ್‌ಎಫ್-24) ಯುದ್ಧವಿಮಾನ ನಿಂತಿದೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತಾರೆ. ನಾನೂ ಹಾಗೆ ಹೋದವನೇ. ದೊಡ್ಡವನಾದ ಮೇಲೆ ಒಂದು ದಿನ ಅದರ ಹಿಂಬದಿಗೆ ಬಂದು, ಬಾಲದ ಓರೆಯಿಂದ ಮೂತಿಯ ಕಡೆಗೆ ದೃಷ್ಟಿ ಹಾಯಿಸಿದಾಗ, ಅದಕ್ಕೊಂದು ಸೊಂಟವಿದೆಯೆಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ರೆಕ್ಕೆ ಸೇರುವ ಜಾಗದಲ್ಲಿ ಒಡಲು ಎರಡೂ ಬದಿಯಿಂದ ಒಳಸರಿದು, ಎರಡು ಎಂಜಿನ್‌ಗಳು ಅಕ್ಕಪಕ್ಕ ಕುಳಿತಿರುವ ಹಿಂಭಾಗದಲ್ಲಿ ಮತ್ತೆ ಅಗಲವಾಗುತ್ತದೆ. ಮುಂದಿನಿಂದಲೂ ಪಕ್ಕದಿಂದಲೂ ಇದು ಅಷ್ಟಾಗಿ ತಿಳಿಯುವುದಿಲ್ಲ. ಆ ಒಂದು ವಕ್ರರೇಖೆಯನ್ನು ಸರಿಯಾಗಿ ತರಬೇಕೆಂಬ ಆಸೆಯೇ ನಾನು ಪ್ಲಾಸ್ಟಿಕ್ ಹಾಳೆಯಿಂದ ಕಟ್ಟಿದ ಅದರ ಪುಟ್ಟ ಮಾದರಿಯ ಕೆಲಸವನ್ನು ಹನ್ನೊಂದು ತಿಂಗಳು ಎಳೆಯಿತು.

ವಿಮಾನದ ಬಗ್ಗೆ ಎರಡು ಮಾತು ಹೇಳದೆ ಕೆಲಸಕ್ಕೆ ಇಳಿಯುವಂತಿಲ್ಲ, ಏಕೆಂದರೆ ಅದರ ಆಕಾರಕ್ಕೂ ಅದರ ಕತೆಗೂ ನಂಟಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯ ಎಂಜಿನಿಯರುಗಳೊಂದಿಗೆ ಈ ವಿಮಾನದ ನಕ್ಷೆ ಹಾಕಿದರು. ಮೊದಲು ನಿಜ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿ, ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಎಳೆದೊಯ್ದು ಹಾರಿಸಿ ನೋಡಲಾಯಿತು. ಬಳಿಕ 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮೊದಲ ಮಾರುತ್ ಅನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಶಬ್ದದ ಎರಡು ಪಟ್ಟು ವೇಗವನ್ನು ಗುರಿಯಾಗಿಟ್ಟು ರೂಪಿಸಿದ ಈ ಒಡಲಿಗೆ ಬೇಕಾಗಿದ್ದ ಶಕ್ತಿಶಾಲಿ ಆರ್ಫಿಯಸ್ ಎಂಜಿನ್ ಬರಲೇ ಇಲ್ಲ. ಪುಟ್ಟ ನ್ಯಾಟ್ ವಿಮಾನದಲ್ಲಿದ್ದಂಥ, ಆಫ್ಟರ್‌ಬರ್ನರ್ (ಎಂಜಿನ್ನಿನಿಂದ ಹೊರಬರುವ ಬಿಸಿ ಗಾಳಿಯಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಭಾಗ) ಇಲ್ಲದ ಆರ್ಫಿಯಸ್ ಎಂಜಿನ್ನುಗಳನ್ನೇ ಎರಡು ಜೋಡಿಸಿಕೊಂಡು ಅದು 1967ರಲ್ಲಿ ವಾಯುಪಡೆಯ 10ನೇ ಸ್ಕ್ವಾಡ್ರನ್‌ಗೆ ಸೇರಿತು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ಮಾಡಿತು. ಒಟ್ಟು 147 ವಿಮಾನಗಳು ತಯಾರಾದವು. ಆಫ್ಟರ್‌ಬರ್ನರ್ ಅಳವಡಿಸಿದ ಪ್ರಯೋಗದ ಮಾರುತ್ ಒಂದು 1970ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಎಚ್‌ಎಎಲ್ ಸುತ್ತಮುತ್ತ ಓಡಾಡುವವರಿಗೆ ಅವರ ಹೆಸರು ಈಗ ಒಂದು ರಸ್ತೆಯ ಫಲಕವಾಗಿ ಪರಿಚಿತವಾಗಿದೆ.

ನನ್ನ ಕೈಗೆ ಸಿಕ್ಕಿದ್ದು 1:72 ಅಳತೆಯ, ಸಣ್ಣ ಪ್ರಮಾಣದಲ್ಲಿ ತಯಾರಾದ ಒಂದು ವ್ಯಾಕ್ಯೂಮ್ ಫಾರ್ಮ್ ಕಿಟ್. ಸಾಮಾನ್ಯ ಕಿಟ್‌ಗಳಲ್ಲಿ ಭಾಗಗಳು ಉಕ್ಕಿನ ಅಚ್ಚಿನಲ್ಲಿ ಎರಕವಾಗಿ, ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ; ಕತ್ತರಿಸಿ ಜೋಡಿಸಿದರೆ ಒಂದಕ್ಕೊಂದು ಕೂರುತ್ತವೆ. ವ್ಯಾಕ್ಯೂಮ್ ಫಾರ್ಮ್ ಹಾಗಲ್ಲ. ಕಾಯಿಸಿ ಮೆದುವಾಗಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ ಕೆಳಗಿನಿಂದ ಗಾಳಿ ಎಳೆದಾಗ ಮೂಡುವ ಉಬ್ಬುಗಳಷ್ಟೇ ನಮಗೆ ಸಿಗುವುದು. ಪೆಟ್ಟಿಗೆಯಲ್ಲಿದ್ದದ್ದು ಎರಡು ಬಿಳಿ ಹಾಳೆ, ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ ಒಂದು, ಒಂದು ಪುಟದ ನಕ್ಷೆ. ಚಕ್ರಗಳಿರಲಿಲ್ಲ, ಅವುಗಳ ಕಾಲುಗಳಿರಲಿಲ್ಲ, ಸೀಟಿರಲಿಲ್ಲ, ಎಂಜಿನ್ನಿನ ಬಿಸಿ ಗಾಳಿ ಹೊರಬರುವ ನಳಿಕೆಗಳೂ ಇರಲಿಲ್ಲ.

ಮೊದಲ ಕೆಲಸ ಕತ್ತರಿಸುವುದು. ಪ್ರತಿ ಉಬ್ಬೂ ಹಾಳೆಯಿಂದ ಮೇಲೇಳುವ ಮೂಲೆಯ ಉದ್ದಕ್ಕೂ ಚೂಪಾದ ಪೆನ್ಸಿಲ್ಲಿನಿಂದ ಗೆರೆ ಎಳೆಯಬೇಕು. ಆಮೇಲೆ ಹೊಸ ಬ್ಲೇಡನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತಡ ಹಾಕದೆ, ಅದೇ ಗೆರೆಯಲ್ಲಿ ಮೂರು ಸಲ ಎಳೆದರೆ ಹಾಳೆ ಅರ್ಧ ಸೀಳುತ್ತದೆ. ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಭಾಗ ಬಿಟ್ಟುಕೊಳ್ಳುತ್ತದೆ. ಒಂದೇ ಸಲಕ್ಕೆ ಕೊಯ್ಯಲು ಹೋದರೆ ಬ್ಲೇಡ್ ದಾರಿ ತಪ್ಪಿ ಒಡಲಿನ ಮೇಲೆ ಏರಿಬಿಡುತ್ತದೆ. ಹೀಗೆ ಬಿಡಿಸಿದ ಭಾಗದ ಅಂಚಿನಲ್ಲಿ ಇನ್ನೂ ಹಾಳೆಯ ದಪ್ಪದಷ್ಟು ಹೆಚ್ಚುವರಿ ಪ್ಲಾಸ್ಟಿಕ್ ಉಳಿದಿರುತ್ತದೆ. ಅದನ್ನು ತೆಗೆಯಲು ಕಿಟಕಿಯ ದಪ್ಪ ಗಾಜಿನ ಮೇಲೆ 220ನೇ ನಂಬರಿನ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ, ಭಾಗವನ್ನು ಅಂಗೈಯಲ್ಲಿ ಸಮವಾಗಿ ಒತ್ತಿ ವೃತ್ತಾಕಾರವಾಗಿ ಉಜ್ಜುತ್ತಾ ಹೋಗಬೇಕು. ಸರಿಯಾದ ಮಟ್ಟಕ್ಕೆ ಬಂದಾಗ ಒಂದು ಸುಂದರವಾದ ಗುರುತು ಕಾಣಿಸುತ್ತದೆ: ಅಂಚಿನ ಹೊರಗೆ ಈರುಳ್ಳಿಯ ಒಳಸಿಪ್ಪೆಯಂಥ ತೆಳುವಾದ ಪೊರೆಯೊಂದು ಉಳಿದು, ಉಗುರಿನಿಂದ ತಳ್ಳಿದರೆ ಪೆನ್ಸಿಲ್ ಗೆರೆಯ ಉದ್ದಕ್ಕೂ ಎದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಹತ್ತು ಸುತ್ತು ಉಜ್ಜಿದರೆ ಒಡಲಿನ ಎರಡು ಅರ್ಧಗಳು ಸೇರಿದಾಗ ವಿಮಾನ ಸಣಕಲಾಗುತ್ತದೆ.

ರೆಕ್ಕೆಗಳಿಗೆ ಇಷ್ಟು ಸಾಲದು. ಹಾಳೆಯ ದಪ್ಪ 1 ಮಿ.ಮೀ. ಎಂದರೆ ನಿಜವಾದ ವಿಮಾನದಲ್ಲಿ ಅದು 72 ಮಿ.ಮೀ.ಗೆ ಸಮ. ಮೇಲಿನ ಮತ್ತು ಕೆಳಗಿನ ಹಾಳೆಗಳು ಹಾಗೆಯೇ ಸೇರಿದರೆ ರೆಕ್ಕೆಯ ಹಿಂಬದಿಯ ಅಂಚು ಅರ್ಧ ಗೇಣಿಗಿಂತಲೂ ಹೆಚ್ಚು ದಪ್ಪವಿದ್ದಂತೆ ಕಾಣುತ್ತದೆ. ಆದ್ದರಿಂದ ಹಿಂಬದಿಯ ಅಂಚಿನ ಒಳಮೈಯನ್ನು, ಬೆಳಕಿಗೆ ಹಿಡಿದಾಗ ಬೆರಳಿನ ನೆರಳು ಕಾಣುವಷ್ಟು ತೆಳ್ಳಗೆ ಉಜ್ಜಿದೆ. ನಾಲ್ಕು ರೆಕ್ಕೆಯ ತುಂಡು, ನಾಲ್ಕು ಬಾಲದ ತುಂಡುಗಳಿಗೆ ಎರಡು ವಾರದ ಸಂಜೆಗಳು ಹಿಡಿದವು. ಹೆಚ್ಚು ಹೇಳುವಂಥದ್ದೇನೂ ಇಲ್ಲ. ನೀರು, ಬಿಳಿ ಕೆಸರು, ನೋಯುವ ಬೆರಳು.

ಈಗ ಸೊಂಟದ ಮಾತು. ಶಬ್ದದ ವೇಗದ ಹತ್ತಿರ ಹಾರುವಾಗ ವಿಮಾನವನ್ನು ಗಾಳಿ ಹಿಂದಕ್ಕೆಳೆಯುವ ಎಳೆತ ಕೇವಲ ಒಡಲಿನ ಅಥವಾ ಕೇವಲ ರೆಕ್ಕೆಯ ಆಕಾರವನ್ನು ಅವಲಂಬಿಸಿರುವುದಿಲ್ಲ. ಮೂತಿಯಿಂದ ಬಾಲದವರೆಗೆ ಸೌತೆಕಾಯಿಯಂತೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಪ್ರತಿ ಬಿಲ್ಲೆಯ ಒಟ್ಟು ವಿಸ್ತೀರ್ಣ ಎಷ್ಟು, ಅದು ಹೇಗೆ ಏರಿ ಇಳಿಯುತ್ತದೆ ಎಂಬುದು ಮುಖ್ಯವಾಗುತ್ತದೆ. ರೆಕ್ಕೆ ಬಂದು ಸೇರುವ ಕಡೆ ವಿಸ್ತೀರ್ಣ ಒಮ್ಮೆಗೇ ಏರುವುದರಿಂದ, ಅಲ್ಲಿ ಒಡಲನ್ನು ಅಷ್ಟರ ಮಟ್ಟಿಗೆ ಹಿಂಡಿ ಸರಿದೂಗಿಸುತ್ತಾರೆ. ಅಮೆರಿಕದ ರಿಚರ್ಡ್ ವಿಟ್‌ಕಾಂಬ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ಈ 'ಏರಿಯಾ ರೂಲ್' ಅನ್ನು ಮಾರುತ್‌ನ ವಿನ್ಯಾಸದಲ್ಲಿ ಬಳಸಲಾಗಿದೆ. ಎಂದರೆ ಆ ಸೊಂಟ ಅಲಂಕಾರಕ್ಕೆ ಬಂದದ್ದಲ್ಲ. ಶಬ್ದಾತೀತ ವೇಗದ ಕನಸು ಆ ವಿಮಾನದ ಮೈಮೇಲೆ ಬರೆದುಹೋದ ಗುರುತು ಅದು. ಎಂಜಿನ್ ಕೈಕೊಟ್ಟರೂ ಆಕಾರ ಹಾಗೆಯೇ ಉಳಿಯಿತು.

ನನ್ನ ಕಿಟ್ಟಿನಲ್ಲಿ ಆ ಗುರುತು ಬಹುಮಟ್ಟಿಗೆ ಅಳಿಸಿಹೋಗಿತ್ತು. ಒಡಲಿನ ಎರಡು ಅರ್ಧಗಳನ್ನು ಟೇಪಿನಿಂದ ಜೋಡಿಸಿ ಮೇಲಿನಿಂದ ನೋಡಿದರೆ ಎಂಜಿನ್ನಿಗೆ ಗಾಳಿ ಒಳಹೋಗುವ ಇನ್‌ಟೇಕ್‌ನಿಂದ ನಳಿಕೆಯವರೆಗೆ ಬದಿಗಳು ಹೆಚ್ಚುಕಡಿಮೆ ನೇರವಾಗಿದ್ದವು. ಮೊದಲು ನನ್ನ ಕಣ್ಣನ್ನೇ ಅನುಮಾನಿಸಿದೆ. ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ಹರವು 9 ಮೀಟರ್. 72ರಿಂದ ಭಾಗಿಸಿದರೆ ಮಾದರಿ 220 ಮಿ.ಮೀ. ಉದ್ದ, 125 ಮಿ.ಮೀ. ಅಗಲ ಇರಬೇಕು. ಆ ಎರಡೂ ಅಳತೆ ಸರಿಯಾಗಿಯೇ ಬಂದವು. ಅಳತೆಪಟ್ಟಿಯಲ್ಲಿ ಎಲ್ಲ ಸರಿಯಿದ್ದೂ ಆಕಾರ ತಪ್ಪಿರಬಹುದು ಎಂಬುದೇ ಇಲ್ಲಿನ ತೊಂದರೆ. ಮೂರು ನೋಟದ ಎರಡು ಬೇರೆ ಬೇರೆ ನಕ್ಷೆಗಳನ್ನು 1:72ಕ್ಕೆ ಹಿಗ್ಗಿಸಿ ಜೆರಾಕ್ಸ್ ಮಾಡಿಸಿದೆ. ಸೊಂಟದ ಅಗಲದಲ್ಲಿ ಅವೆರಡಕ್ಕೂ ಸುಮಾರು 1 ಮಿ.ಮೀ. ವ್ಯತ್ಯಾಸವಿತ್ತು. ತೀರ್ಮಾನ ಮಾಡಬೇಕಾದದ್ದು ಲೋಹದ ವಿಮಾನವೇ.

ಹಾಗಾಗಿ ಮೂರು ಭಾನುವಾರ ಮ್ಯೂಸಿಯಂಗೆ ಹೋದೆ. ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದ ಚಿತ್ರಗಳು ಈ ಕೆಲಸಕ್ಕೆ ಬಾರವು. ಹತ್ತಿರದ ಭಾಗ ಹಿಗ್ಗಿ, ದೂರದ್ದು ಕುಗ್ಗಿ ಆಕಾರವೇ ಸುಳ್ಳಾಗುತ್ತದೆ. ಜೂಮ್ ಲೆನ್ಸ್ ಹಾಕಿ, ಅಂಗಳದಲ್ಲಿ ಆದಷ್ಟು ದೂರ ಸರಿದು, ನೇರ ಹಿಂದಿನಿಂದ ಮತ್ತು ಹಿಂಬದಿಯ ಎರಡು ಓರೆಗಳಿಂದ ಚಿತ್ರ ತೆಗೆದೆ. ಟೇಪ್ ಸುತ್ತಿದ ಕಿಟ್‌ನ ಒಡಲನ್ನು ಅದೇ ಕೋನದಲ್ಲಿಟ್ಟು ಅದೇ ಲೆನ್ಸಿನಲ್ಲಿ ತೆಗೆದು, ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದಾಗ ಸಣ್ಣ ಸೊಂಟದ ನಕ್ಷೆಯೇ ವಾಸ್ತವಕ್ಕೆ ಹತ್ತಿರ ಎಂದು ಖಚಿತವಾಯಿತು. ಅತಿ ಕಿರಿದಾದ ಜಾಗದಲ್ಲಿ ಪ್ರತಿ ಬದಿಯಿಂದ ಸುಮಾರು 1.2 ಮಿ.ಮೀ. ತೆಗೆಯಬೇಕಿತ್ತು. ಹಾಳೆಯ ದಪ್ಪ 1 ಮಿ.ಮೀ. ಮಾತ್ರ. ಹೊರಗಿನಿಂದ ಉಜ್ಜಿದರೆ ತೂತು ಬೀಳುವುದು ನಿಶ್ಚಯ.

ಇದಕ್ಕೆ ಉಪಾಯ ಎಂ-ಸೀಲ್. ಮನೆಯ ನಲ್ಲಿ ಸೋರಿದಾಗ ತರುವ, ಎರಡು ಬಣ್ಣದ ಮುದ್ದೆಗಳನ್ನು ಕಲಸಿ ಹಚ್ಚುವ ಅದೇ ಎಂ-ಸೀಲ್. ಸೊಂಟದ ಭಾಗದ ಒಳಮೈಯನ್ನು ಒರಟು ಉಪ್ಪುಕಾಗದದಿಂದ ಗೀಚಿ, ಹಿಡಿತ ಸಿಗಲೆಂದು ಫೆವಿಕ್ವಿಕ್‌ನ ಒಂದು ತೆಳುವಾದ ಪದರ ಎಳೆದು, ಮೇಲೆ 3 ಮಿ.ಮೀ. ದಪ್ಪಕ್ಕೆ ಎಂ-ಸೀಲ್ ಒತ್ತಿ ಒಂದು ರಾತ್ರಿ ಬಿಟ್ಟೆ. ಕಲ್ಲಾದ ಮೇಲೆ ಅದು ಒಡಲಿಗೆ ಒಳಗಿನಿಂದ ಕಟ್ಟಿದ ಗೋಡೆಯಾಯಿತು. ಆಮೇಲೆ ಹೊರಗಿನಿಂದ ಅರ್ಧಗೋಲದ ಅರದಿಂದ ಧೈರ್ಯವಾಗಿ ಉಜ್ಜಬಹುದು. ಪ್ಲಾಸ್ಟಿಕ್ ಸವೆದು ಹೋದ ಕಡೆ ಕೆಳಗಿನ ಎಂ-ಸೀಲ್ ಬೂದುಬಣ್ಣದ ದ್ವೀಪದಂತೆ ತೋರುತ್ತದೆ, ಅಷ್ಟೇ. ನಕ್ಷೆಯ ಪ್ರಕಾರ ದಪ್ಪ ರಟ್ಟಿನಲ್ಲಿ ಐದು ಟೆಂಪ್ಲೇಟ್ ಕತ್ತರಿಸಿ, ಐದು ಗುರುತುಗಳಲ್ಲಿ ಒತ್ತಿ ನೋಡುತ್ತಾ, ಬೆಳಕು ನುಸುಳುವ ಸಂದಿ ಮುಚ್ಚುವವರೆಗೆ ಉಜ್ಜಿದೆ. ಎಡಬದಿ ಮುಗಿದಾಗ ಸಂತೋಷವಾಯಿತು. ಬಲಬದಿಯನ್ನು ಅದಕ್ಕೆ ಹೊಂದಿಸುವಾಗ ಕೆಲಸದ ನಿಜವಾದ ಕಷ್ಟ ತಿಳಿಯಿತು, ಏಕೆಂದರೆ ಕಣ್ಣು ಒಂದು ವಕ್ರತೆಯನ್ನು ಒಪ್ಪಿಕೊಂಡುಬಿಡುತ್ತದೆ, ಎರಡು ವಕ್ರತೆಗಳ ನಡುವಿನ ಹೊಂದಿಕೆ ತಪ್ಪಿದರೆ ಮಾತ್ರ ಒಪ್ಪುವುದಿಲ್ಲ. ಕೊನೆಗೆ ಕಣ್ಣು ಮುಚ್ಚಿ ಎರಡು ಕೈಗಳ ಹೆಬ್ಬೆರಳುಗಳನ್ನು ಎರಡು ಬದಿಯಲ್ಲಿ ಒಟ್ಟಿಗೆ ಜಾರಿಸಿ ನೋಡುವುದೇ ಅತ್ಯುತ್ತಮ ಪರೀಕ್ಷೆ ಎಂದು ಕಂಡುಕೊಂಡೆ. ಟೆಂಪ್ಲೇಟಿಗೆ ತಿಳಿಯದ ಉಬ್ಬು ಹೆಬ್ಬೆರಳಿಗೆ ತಿಳಿಯುತ್ತದೆ.

ಒಡಲನ್ನು ಮುಚ್ಚುವ ಮೊದಲು ಒಳಗಿನ ಕೆಲಸ ಮುಗಿಸಬೇಕು. ಉಳಿದ ಹಾಳೆಯಿಂದ ಆರು ಅಡ್ಡಗೋಡೆ ಕತ್ತರಿಸಿ ಕೂರಿಸಿದೆ. ಇಲ್ಲದಿದ್ದರೆ ಕೈಯಲ್ಲಿ ಒತ್ತಿದಾಗ ಒಡಲು ತಗಡಿನ ಡಬ್ಬಿಯಂತೆ ಚಪ್ಪಟೆಯಾಗುತ್ತದೆ. ಕಾಕ್‌ಪಿಟ್ ಒಂದು ಸಣ್ಣ ಪೆಟ್ಟಿಗೆ, ಮಾರ್ಟಿನ್-ಬೇಕರ್ ಸೀಟನ್ನು ಪ್ಲಾಸ್ಟಿಕ್ ಪಟ್ಟಿಗಳಿಂದಲೂ ಬೆಲ್ಟುಗಳನ್ನು ಸಿಗರೇಟ್ ಪ್ಯಾಕಿನ ಫಾಯಿಲ್‌ನಿಂದಲೂ ಮಾಡಿದೆ. ಮೂತಿಯಲ್ಲಿ ಸೀಸದ ಗುಂಡುಗಳನ್ನು ತುಂಬಬೇಕು. ಎಂಜಿನ್ ಭಾಗದಲ್ಲಿ ಎಂ-ಸೀಲ್‌ನ ಭಾರ ಸೇರಿದ್ದರಿಂದ ವಿಮಾನ ಬಾಲದ ಮೇಲೆ ಕೂರುವ ಅಪಾಯವಿತ್ತು. ಹಿಂದಿನ ಚಕ್ರಗಳು ಬರುವ ಜಾಗದಲ್ಲಿ ಒಂದು ಪೆನ್ಸಿಲ್ ಅಡ್ಡ ಇಟ್ಟು, ಒಡಲನ್ನು ಅದರ ಮೇಲೆ ತೂಗಿ, ಮೂತಿ ನೆಲ ಮುಟ್ಟುವವರೆಗೆ ಗುಂಡು ಸೇರಿಸಿ, ಬಣ್ಣದ ಭಾರ ಲೆಕ್ಕ ಹಾಕಿ ಇನ್ನೂ ಎರಡು ಹಾಕಿದೆ.

ಇನ್‌ಟೇಕ್ ಬಗ್ಗೆ ನಿಧಾನವಾಗಿ ಹೇಳಬೇಕು. ಮಾರುತ್‌ನ ಎರಡು ಬದಿಯಲ್ಲೂ ಅರ್ಧಚಂದ್ರಾಕಾರದ ಗಾಳಿಬಾಯಿಗಳಿವೆ. ಪ್ರತಿಯೊಂದರ ನಡುವೆಯೂ ಒಡಲಿಗೆ ಒರಗಿದಂತೆ ಒಂದು ಅರ್ಧ ಶಂಕು ಮುಂದಕ್ಕೆ ಚಾಚಿಕೊಂಡಿದೆ. ಶಬ್ದದ ವೇಗ ಮೀರಿದಾಗ ಆ ಶಂಕುವಿನ ತುದಿಯಲ್ಲಿ ಆಘಾತ ತರಂಗವನ್ನು ಎಬ್ಬಿಸಿ, ಗಾಳಿಯನ್ನು ನಿಧಾನಗೊಳಿಸಿ ಎಂಜಿನ್ನಿಗೆ ಕಳಿಸುವುದು ಅದರ ಕೆಲಸ. ಕಿಟ್‌ನಲ್ಲಿ ಅವು ಎರಡು ಮೊಂಡು ಗುಬ್ಬಿಗಳಾಗಿದ್ದವು. ಸರಿಯಾದ ಶಂಕುವನ್ನು ಕಡೆಯಬಹುದು, ಆದರೆ ಕಡೆದದ್ದನ್ನು ಸರಿಯಾಗಿ ಎರಡು ಸೀಳು ಮಾಡುವುದು ಆಗದ ಕೆಲಸ. ಗರಗಸದ ಬಾಯಿಯಷ್ಟು ದಪ್ಪ ಕಳೆದುಹೋಗಿ ಎರಡೂ ಅರ್ಧಕ್ಕಿಂತ ಕಡಿಮೆಯಾಗುತ್ತವೆ.

ಬಡಗಿಗಳು ಅರ್ಧಕಂಬ ಕಡೆಯುವಾಗ ಬಳಸುವ ಉಪಾಯ ಇಲ್ಲಿ ಕೈಹಿಡಿಯಿತು. ಮೊದಲೇ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಮುಖಾಮುಖಿ ಇಟ್ಟು, ನಡುವೆ ನ್ಯೂಸ್‌ಪೇಪರಿನ ಒಂದು ತುಂಡು ಸೇರಿಸಿ, ಫೆವಿಕ್ವಿಕ್‌ನಿಂದ ಅಂಟಿಸಿದೆ. ಆ ಜೋಡಿಯನ್ನು ದುಂಡಗೆ ಉಜ್ಜಿ ಕೈ ಡ್ರಿಲ್ಲಿನ ಬಾಯಿಗೆ ಸಿಕ್ಕಿಸಿ, ಡ್ರಿಲ್ಲನ್ನು ಮೇಜಿಗೆ ಕ್ಲಾಂಪ್ ಮಾಡಿ, ಅತಿ ನಿಧಾನವಾದ ವೇಗದಲ್ಲಿ ತಿರುಗಿಸುತ್ತಾ ಅರದಿಂದ ಶಂಕುವಿನ ಆಕಾರ ಕೊಟ್ಟೆ. ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕರಗಿ ಅರಕ್ಕೆ ಮೆತ್ತಿಕೊಳ್ಳುತ್ತದೆ. ಬುಡದಲ್ಲಿ 6 ಮಿ.ಮೀ. ವ್ಯಾಸ, ತುದಿಯಲ್ಲಿ ಸೂಜಿ. ಹೊಳಪು ಬಂದ ಮೇಲೆ ಕಾಗದದ ಗೆರೆಗೆ ಬ್ಲೇಡಿನ ಅಂಚು ತಾಗಿಸಿ ಮೆಲ್ಲಗೆ ಒತ್ತಿದರೆ ಕಾಗದ ತನ್ನಲ್ಲೇ ಎರಡು ಪದರವಾಗಿ ಸೀಳಿ, ಒಂದು ಪೂರ್ಣ ಶಂಕು ಎರಡು ಸಮ ಅರ್ಧಗಳಾಗಿ ಅಂಗೈಯಲ್ಲಿ ಬಿದ್ದವು. ಪ್ರತಿಯೊಂದರ ಬೆನ್ನಿನಲ್ಲೂ ಕಾಗದದ ಒಂದು ಪದರ, ಅದರ ಮೇಲೆ ಯಾವುದೋ ಕನ್ನಡ ಜಾಹೀರಾತಿನ ಅರ್ಧ ಅಕ್ಷರ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಕ್ಷಣ ಅದೇ. ಬೆನ್ನಿನ ಕಾಗದವನ್ನು ಉಜ್ಜಿ ತೆಗೆದು ಒಡಲಿಗೆ ಕೂರಿಸಿದಾಗ, ಮಾರುತ್‌ನ ಮುಖ ಮೊದಲ ಸಲ ಮಾರುತ್‌ನ ಮುಖದಂತೆ ಕಂಡಿತು.

ರೆಕ್ಕೆಗಳನ್ನು ಕೂರಿಸುವಾಗ ಒಂದು ತಪ್ಪು ಮಾಡಿದೆ, ಅದನ್ನು ಇಲ್ಲಿ ಬರೆಯಲೇಬೇಕು. ಎಸ್‌ಜೆಪಿ ರಸ್ತೆಯಿಂದ ತಂದ ಹಿತ್ತಾಳೆ ಪಟ್ಟಿಯನ್ನು ಒಡಲಿನ ಮೂಲಕ ಹಾಯಿಸಿ, ಎರಡೂ ರೆಕ್ಕೆಗಳೊಳಗೆ ಬೆನ್ನೆಲುಬಾಗಿ ಇಟ್ಟು, ಅದರ ಮೇಲೂ ಕೆಳಗೂ ಪ್ಲಾಸ್ಟಿಕ್ ಪಟ್ಟಿ ಒತ್ತಿ ರೆಕ್ಕೆಯ ಎರಡು ಹಾಳೆಗಳನ್ನು ಮುಚ್ಚಿದೆ. ಅಂಟು ಎಲ್ಲ ಕಡೆ ತಲುಪಲಿ ಎಂದು ನೀರಿನಂಥ ತೆಳು ಸಾಲ್ವೆಂಟ್ ಅಂಟನ್ನು ಅಂಚಿನಿಂದ ಧಾರಾಳವಾಗಿ ಹರಿಸಿದೆ. ಈ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿಯೇ ಬೆಸೆಯುತ್ತದೆ. ಮುಚ್ಚಿದ ರೆಕ್ಕೆಯೊಳಗೆ ಸಿಕ್ಕಿಬಿದ್ದ ಆವಿಗೆ ಹೊರಹೋಗಲು ದಾರಿಯಿರಲಿಲ್ಲ. ಆ ದಿನ ಎಲ್ಲ ಚೆನ್ನಾಗಿ ಕಂಡಿತು. ಹತ್ತು ದಿನದ ನಂತರ ಓರೆ ಬೆಳಕಿನಲ್ಲಿ ನೋಡಿದರೆ ಬಲರೆಕ್ಕೆಯ ಮೇಲ್ಮೈ ಪಟ್ಟಿಯ ಉದ್ದಕ್ಕೂ ಕುಸಿದು, ಹಸಿದ ದನದ ಪಕ್ಕೆಯಂತೆ ಒಳಗಿನ ಎಲುಬು ತೋರುತ್ತಿತ್ತು. ರೆಕ್ಕೆಯ ಬುಡದಲ್ಲಿ, ಒಡಲಿನೊಳಗೆ ತೆರೆದುಕೊಳ್ಳುವಂತೆ, ಒಂದು ಸಣ್ಣ ತೂತು ಕೊರೆದಿದ್ದರೆ ಇದು ಆಗುತ್ತಿರಲಿಲ್ಲ. ಮುಂದಕ್ಕೆ ಒಂದು ತಿಂಗಳು ಆ ರೆಕ್ಕೆಯನ್ನು ಮುಟ್ಟಲಿಲ್ಲ. ಪೂರ್ತಿ ಒಣಗಿ ಕುಸಿಯುವುದು ನಿಂತ ಮೇಲೆ ಫೆವಿಕ್ವಿಕ್‌ಗೆ ಟಾಲ್ಕಂ ಪೌಡರ್ ಬೆರೆಸಿ ತುಂಬಿದೆ. ಬರೀ ಫೆವಿಕ್ವಿಕ್ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುವುದರಿಂದ ಉಜ್ಜುವಾಗ ಸುತ್ತಲಿನ ಪ್ಲಾಸ್ಟಿಕ್ ಸವೆದು ಅದು ಮಾತ್ರ ದಿಬ್ಬವಾಗಿ ಉಳಿಯುತ್ತದೆ. ಪೌಡರ್ ಸೇರಿದರೆ ಎರಡೂ ಹೆಚ್ಚುಕಡಿಮೆ ಸಮವಾಗಿ ಸವೆಯುತ್ತವೆ.

ನಳಿಕೆಗಳಿಗೆ ಖಾಲಿಯಾದ ಬಾಲ್‌ಪೆನ್ನಿನ ಮೈ ಸರಿಹೊಂದಿತು. ಅಂಚನ್ನು ಒಳಗಿನಿಂದ ತೆಳುವಾಗಿಸಿದರೆ ಸಾಕು. ಚಕ್ರದ ಕಾಲುಗಳಿಗೆ ಒಂದರೊಳಗೊಂದು ಜಾರುವ ಹಿತ್ತಾಳೆ ಕೊಳವೆ, ಚಕ್ರಗಳಿಗೆ ಹಾಳೆಯ ಬಿಲ್ಲೆಗಳನ್ನು ಪೇರಿಸಿ ಡ್ರಿಲ್ಲಿನಲ್ಲಿ ಕಡೆದದ್ದು. ಗನ್‌ಗಳ ವಿಷಯ ಮಾತ್ರ ಹೇಳಿಕೊಳ್ಳಬೇಕು. ಮಾರುತ್‌ನ ಮೂತಿಯಲ್ಲಿ 30 ಮಿ.ಮೀ. ವ್ಯಾಸದ ನಾಲ್ಕು ಏಡನ್ ಫಿರಂಗಿಗಳಿದ್ದವು. 30 ಅನ್ನು 72ರಿಂದ ಭಾಗಿಸಿದರೆ 0.42 ಮಿ.ಮೀ. ಮೆಡಿಕಲ್ ಶಾಪಿನಲ್ಲಿ ಸಿಗುವ 22 ಗೇಜಿನ ಇಂಜೆಕ್ಷನ್ ಸೂಜಿಯ ಒಳವ್ಯಾಸ 0.41 ಮಿ.ಮೀ. ಇಷ್ಟು ಕರಾರುವಾಕ್ಕಾದ ಭಾಗವನ್ನು ಯಾವ ಕಿಟ್ಟೂ ಕೊಡಲಾರದು. ಸೂಜಿಯನ್ನು ಇಕ್ಕಳದಿಂದ ಕತ್ತರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅರದ ಅಂಚಿನಿಂದ ಸುತ್ತಲೂ ಗೀರು ಹಾಕಿ ಮುರಿಯಬೇಕು.

ಬಣ್ಣದ ಆಯ್ಕೆಯಲ್ಲಿ ಎರಡು ದಾರಿಯಿದ್ದವು. ಮರೆಮಾಚುವ ಪಟ್ಟೆ ಬಣ್ಣ ಹಚ್ಚಿದರೆ ಎಂ-ಸೀಲ್ ಕೆಲಸದ ಸಣ್ಣಪುಟ್ಟ ಏರುತಗ್ಗುಗಳು ಅದರಡಿ ಮುಚ್ಚಿಹೋಗುತ್ತವೆ. ಬರೀ ಅಲ್ಯುಮಿನಿಯಂ ಮೈಯ ಆರಂಭದ ದಿನಗಳ ವಿಮಾನ ಮಾಡಿದರೆ ಯಾವುದೂ ಮುಚ್ಚುವುದಿಲ್ಲ, ಆದರೆ ಸೊಂಟದ ಮೇಲೆ ಬೆಳಕು ಜಾರಿ ತಿರುಗುವುದು ಕಾಣುತ್ತದೆ. ಸೊಂಟಕ್ಕಾಗಿ ಇಷ್ಟು ಉಜ್ಜಿದ ಮೇಲೆ ಅದನ್ನು ಪಟ್ಟೆಗಳಡಿ ಹೂತಿಡಲು ಮನಸ್ಸು ಬರಲಿಲ್ಲ.

ಲೋಹದ ಬಣ್ಣದ ಗುಟ್ಟು ಅದರ ಅಡಿಯ ಪದರದಲ್ಲಿದೆ. ಕನ್ನಡಿಯಂತೆ ಹೊಳೆಯುವ ಕಪ್ಪು ಲ್ಯಾಕರ್‌ನ ಮೇಲೆ ಏರ್‌ಬ್ರಷ್‌ನಿಂದ ಮಂಜಿನಷ್ಟು ತೆಳುವಾಗಿ ಅಲ್ಯುಮಿನಿಯಂ ಬಣ್ಣ ಹಾಯಿಸಿದರೆ ಅದು ಲೋಹವಾಗುತ್ತದೆ. ಕಪ್ಪಿನಲ್ಲಿ ಒರಟಿದ್ದರೆ ಬೂದಿಯಾಗುತ್ತದೆ. ಜುಲೈನಲ್ಲಿ ಮೊದಲ ಸಲ ಕಪ್ಪು ಹೊಡೆದಾಗ ಕಣ್ಣೆದುರೇ ಮೈಯೆಲ್ಲ ಹಾಲು ಚೆಲ್ಲಿದಂತೆ ಬಿಳುಚಿಕೊಂಡಿತು. ಥಿನ್ನರ್ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಮಳೆಗಾಲದ ತೇವದ ಗಾಳಿಯಲ್ಲಿನ ನೀರು ಹಸಿ ಬಣ್ಣದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಉಜ್ಜಿ ತೆಗೆದು, ಫೆಬ್ರವರಿಯ ಒಣಹವೆ ಬರುವವರೆಗೆ ಕಾದೆ. ಈ ನಡುವೆ ಕಾಯುವುದು ವ್ಯರ್ಥವಾಗಲಿಲ್ಲ. ಲೋಹದ ಹಾಳೆಗಳು ಕೂಡುವ ಕಡೆ ಕಾಣುವ ಪ್ಯಾನೆಲ್ ಗೆರೆಗಳನ್ನೆಲ್ಲ ದಪ್ಪ ಟೇಪಿನ ಆಸರೆಯಲ್ಲಿ ಹೊಸದಾಗಿ ಕೊರೆದೆ. ಎಂ-ಸೀಲ್ ಮೇಲೆ ಹಾಯುವ ಕಡೆ ಸೂಜಿ ತಡವರಿಸುವುದರಿಂದ ಅಲ್ಲಿ ಹತ್ತು ಸಲ ಹಗುರವಾಗಿ ಎಳೆಯಬೇಕಾಯಿತು. ಚಳಿಗಾಲದಲ್ಲಿ ಮೈಯನ್ನು 400, 800, 1500, 3000ನೇ ನಂಬರಿನ ವಾಟರ್ ಪೇಪರ್ ಎಂದು ಏರುತ್ತಾ ನುಣುಪಾಗಿಸಿದೆ.

ನಮ್ಮ ಮೇಲಿನ ಮನೆಯಲ್ಲಿ ಎಚ್‌ಎಎಲ್‌ನ ಶೀಟ್‌ಮೆಟಲ್ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅಲ್ಯುಮಿನಿಯಂ ಹೊಡೆದು ಒಣಗಲು ಇಟ್ಟಿದ್ದ ಮಾದರಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆಯಪ್ಪ, ಆದರೆ ಇದು ಪಾತ್ರೆ ಹೊಳೆದ ಹಾಗೆ ಹೊಳೀತಿದೆ. ವಿಮಾನದ ಶೀಟು ಎಲ್ಲಾ ಒಂದೇ ಥರ ಹೊಳೆಯಲ್ಲ. ರೋಲಿಂಗ್ ಯಾವ ಕಡೆ ಆಗಿದೆ ನೋಡ್ಬೇಕು, ಪಕ್ಕಪಕ್ಕದ ಎರಡು ಶೀಟು ಬೇರೆ ಬೇರೆ ಬೆಳಕು ಕೊಡುತ್ತೆ" ಎಂದರು. ಅವರು ತೋರಿಸಿದಂತೆ ಕೆಲವು ಪ್ಯಾನೆಲ್‌ಗಳನ್ನು ಮಾತ್ರ ಟೇಪಿನಿಂದ ಪ್ರತ್ಯೇಕಿಸಿ, ಒಂದೊಂದಕ್ಕೆ ತುಸು ಕಪ್ಪು, ಕೆಲವಕ್ಕೆ ತುಸು ಬಿಳಿ ಬೆರೆಸಿದ ಅಲ್ಯುಮಿನಿಯಂ ಹಾಯಿಸಿದೆ. ಎಂಜಿನ್‌ಗಳ ಸುತ್ತಲಿನ ಹಿಂಭಾಗ ಕಾವಿಗೆ ಬಣ್ಣಗೆಟ್ಟಿರಬೇಕು. ಅಲ್ಲಿಗೆ ಒಂದು ಹನಿ ಕಂದು ಸೇರಿಸಿದೆ. ಅವರು ಮತ್ತೆ ಬಂದಾಗ ಬಲರೆಕ್ಕೆಯ ಬುಡದ ಎರಡು ಪ್ಯಾನೆಲ್‌ಗಳನ್ನು ಬೆರಳಿನಿಂದ ತೋರಿಸಿ, "ಇದು ಸರಿ" ಎಂದಷ್ಟೇ ಹೇಳಿದರು.

ವಾಯುಪಡೆಯ ವೃತ್ತಗಳಿಗೆ ಪ್ರಿಂಟರ್‌ನಲ್ಲಿ ಮುದ್ರಿಸಿದ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಪ್ರಯತ್ನಿಸಿದೆ. ಮುದ್ರಣದ ಕೇಸರಿ ಪಾರದರ್ಶಕವಾದ್ದರಿಂದ ಅಲ್ಯುಮಿನಿಯಂ ಮೇಲೆ ಅದು ಮಣ್ಣಿನ ಬಣ್ಣವಾಯಿತು. ಕೊನೆಗೆ ಬ್ಲೇಡ್ ಕಟ್ಟಿದ ಕೈವಾರದಿಂದ ಟೇಪಿನಲ್ಲಿ ವೃತ್ತಗಳನ್ನು ಕತ್ತರಿಸಿ, ಮೊದಲು ಪೂರ್ತಿ ಬಿಳಿ, ಮೇಲೆ ಹೊರಸುತ್ತಿನ ಕೇಸರಿ, ನಡುವಿನ ಹಸಿರು ಎಂದು ಬಣ್ಣದಲ್ಲೇ ಹಾಕಿದೆ. ಕಾಕ್‌ಪಿಟ್ಟಿನ ಮುಚ್ಚಳವನ್ನು ಫೆವಿಕ್ವಿಕ್‌ನಿಂದ ಅಂಟಿಸಬಾರದು. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಹಿಡಿಸುತ್ತದೆ. ಅದಕ್ಕೂ ನಳಿಕೆಗಳಿಗೂ ಫೆವಿಕಾಲ್ ಬಳಸಿದೆ. ಒಣಗಿದ ಮೇಲೆ ಪಾರದರ್ಶಕವಾಗುತ್ತದೆ, ಒದ್ದೆ ಬ್ರಷ್ ಆಡಿಸಿದರೆ ಬಿಡಿಸಲೂ ಬರುತ್ತದೆ.

ಏಪ್ರಿಲ್‌ನ ಕೊನೆಯ ವಾರ ಮಾದರಿ ಮೂರು ಚಕ್ರಗಳ ಮೇಲೆ ನಿಂತಿತು, ಮೂತಿ ಏಳಲಿಲ್ಲ. ಮ್ಯೂಸಿಯಂನಲ್ಲಿ ತೆಗೆದ ಹಿಂಬದಿಯ ಓರೆ ಚಿತ್ರವನ್ನು ಮುಂದಿಟ್ಟುಕೊಂಡು, ಅದೇ ಲೆನ್ಸಿನಲ್ಲಿ, ಅದೇ ಕೋನದಲ್ಲಿ ಮಾದರಿಯ ಚಿತ್ರ ತೆಗೆದು ಎರಡನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟೆ. ಸೊಂಟದ ರೇಖೆ ರೆಕ್ಕೆಯ ಬುಡದಿಂದ ಬಾಲದವರೆಗೆ ಕೂಡಿಕೊಂಡಿತು. ನಳಿಕೆಗಳು ಮಾತ್ರ ಒಂದರಿಂದೊಂದು ಅರ್ಧ ಮಿಲಿಮೀಟರಿನಷ್ಟು ಹೆಚ್ಚು ದೂರವಿವೆ. ಫೆವಿಕಾಲ್‌ನಲ್ಲಿ ಕೂರಿಸಿದ್ದು ಒಳ್ಳೆಯದಾಯಿತು. ಬರುವ ಭಾನುವಾರ ಒದ್ದೆ ಬ್ರಷ್ಷಿನಿಂದ ಬಿಡಿಸಿ, ಒಳಬದಿಯನ್ನು ಉಜ್ಜಿ ಮತ್ತೆ ಕೂರಿಸುತ್ತೇನೆ.